ಠಾಣೆಯಲ್ಲಿ ಬರೆಸಿದ ಹೊಟ್ಟೆನೋವು: ಕೋಲಾರದಲ್ಲಿ ಮನಸ್ಸಿನ ನೆರವು ಬಂದ ದಾರಿ

ಕೋಲಾರದ ಕಡೆ ದಿನಪತ್ರಿಕೆ ಓದಿ ಬೆಳೆದವರಿಗೆ ‘ಹೊಟ್ಟೆನೋವು ತಾಳಲಾರದೆ’ ಎಂಬ ಮಾತು ಹೊಸದಲ್ಲ. ಪಿಯುಸಿ ಹುಡುಗಿಯಿರಲಿ, ಡಿಪ್ಲೊಮಾ ಓದುವ ಹುಡುಗನಿರಲಿ, ಜೀವ ಕಳೆದುಕೊಂಡರೆ ಒಳಪುಟದ ನಾಲ್ಕು ಸಾಲಿನ ಸುದ್ದಿಯಲ್ಲಿ ಎಷ್ಟೋ ಸಲ ಕಾರಣ ಅದೇ. ಇಷ್ಟು ಎಳೆಯ ವಯಸ್ಸಿನಲ್ಲಿ ಅದೆಂಥ ಹೊಟ್ಟೆನೋವಪ್ಪ ಎಂದು ಚಿಕ್ಕವನಿದ್ದಾಗ ನಾನೂ ಬೆರಗಾಗಿದ್ದೆ. ಅದು ಡಾಕ್ಟರು ಕಂಡುಹಿಡಿದ ಕಾಯಿಲೆಯಲ್ಲ, ಮನೆಯವರು ಠಾಣೆಯಲ್ಲಿ ಬರೆಸಿದ ಮಾತು ಎಂದು ಅರ್ಥವಾಗಿದ್ದು ಆಮೇಲೆ.

ಹಾಗೆ ಬರೆಸುವುದಕ್ಕೂ ಕಾರಣವಿತ್ತು. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದೇ ಆಗ ಅಪರಾಧವಾಗಿತ್ತು, ಒಂದು ವರ್ಷದವರೆಗೂ ಸಜೆಯಿತ್ತು. ಬದುಕಿ ಉಳಿದ ಮಗುವಿನ ಮೇಲೆ ಕೇಸು ಬೀಳುತ್ತದೆಂಬ ಭಯ ಒಂದು ಕಡೆ, ತಂಗಿಗೆ ಗಂಡು ಸಿಗುವುದಿಲ್ಲವೆಂಬ ಭಯ ಇನ್ನೊಂದು ಕಡೆ. ಆಸ್ಪತ್ರೆಯಲ್ಲಿ ಕೇಳಿದರೆ ‘ತಲೆ ತಿರುಗಿ ಬಿದ್ದ’ ಎಂದುಬಿಡುತ್ತಿದ್ದರು. ಅಷ್ಟು ಹೇಳಿದ ಮೇಲೆ ಮನಸ್ಸಿನ ಡಾಕ್ಟರನ್ನು ಕೇಳಲು ಬಾಯಾದರೂ ಎಲ್ಲಿಂದ ಬರಬೇಕು?

ಬಾಯಿ ಬಂದರೂ ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಉಳಿಯುತ್ತಿತ್ತು. ಮೊದಲು ಅಂತ್ರ, ತಾಯತ. ‘ಗಾಳಿ ಸೋಕಿದೆ’ ಎಂದರೆ ಮುರುಗಮಲ್ಲದ ದರ್ಗಾ. ಚಿಂತಾಮಣಿ ತಾಲ್ಲೂಕಿನ ಆ ಊರು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವ ತನಕ ಕೋಲಾರ ಜಿಲ್ಲೆಯದೇ. ಹಿಂದೂ, ಮುಸ್ಲಿಂ ಎನ್ನದೆ ಜನ ಹೋಗುತ್ತಾರೆ. ಅದನ್ನು ಹೀಗಳೆಯಲು ನನಗೆ ಮನಸ್ಸು ಬಾರದು. ಅಲ್ಲಿಗೆ ಮನೆಮಂದಿಯೆಲ್ಲ ಜೊತೆಗೆ ಹೋಗಿ ಕೂರುತ್ತಾರೆ, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

ಅದು ಬಿಟ್ಟರೆ ಬೆಂಗಳೂರು. ಅಲ್ಲಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂದು ಹೆಸರಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಹೊಸಕೋಟೆ, ಕೆ.ಆರ್. ಪುರ ದಾಟಿ ಹೋಗಿ, ಚೀಟಿ ಮಾಡಿಸಿ, ಸರದಿ ಕಾದು ರಾತ್ರಿ ಬಸ್ಸಿಗೆ ಮರಳುವುದು, ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವ ಮನೆಯವರಿಗೆ ಹಗುರದ ಕೆಲಸವಲ್ಲ.

ಈ ದೂರ ಅಲ್ಲಿನ ವೈದ್ಯರಿಗೂ ಕಂಡಿತ್ತು. 1976ರಲ್ಲಿ ಅವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೂ ಮನೆಮನೆ ಸುತ್ತುವ ಆರೋಗ್ಯ ಸಹಾಯಕರಿಗೂ ತರಬೇತಿ ಕೊಟ್ಟರೆ ಚಿತ್ತವಿಕಲತೆ, ಮೂರ್ಛೆರೋಗಕ್ಕೆ ಊರಲ್ಲೇ ಮದ್ದು ಕೊಡಬಹುದು ಎಂಬ ಲೆಕ್ಕ ಅವರದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ಆಮೇಲೆ ಬಳ್ಳಾರಿಯಲ್ಲಿ ಇಡೀ ಜಿಲ್ಲೆಯ ಮಟ್ಟದಲ್ಲಿ ಪ್ರಯೋಗ ನಡೆಯಿತು. ಆ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದ ಎಲ್ಲ ಜಿಲ್ಲೆಗೂ ಹಬ್ಬಲು ಸುಮಾರು ಎರಡು ದಶಕ ಹಿಡಿಯಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ತಂದಿತು: ಮಂಗಳವಾರ ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು.

ಅಂಥದೊಂದು ಮಂಗಳವಾರ ಆಸ್ಪತ್ರೆಯ ಜಗುಲಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಜೊತೆಗೆ ತಲೆಯೆತ್ತದ ಪಿಯುಸಿ ಹುಡುಗ. ಓಪಿಡಿ ಚೀಟಿಯನ್ನು ಬೆರಳುದ್ದಕ್ಕೆ ಮಡಚಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದರು. ಊರಿನ ಹೆಂಗಸೊಬ್ಬರು ಎದುರಾಗಿ ‘ಏನಕ್ಕ, ಇಲ್ಲಿ?’ ಎಂದರು. ‘ಇವ್ನಿಗೆ ಕಣ್ಣು ತೋರ್ಸೋಕೆ’ ಎಂದರು ತಾಯಿ. ಆ ಹೆಂಗಸು ಹೋದ ಮೇಲೆ ಮಗನ ಕಡೆ ಬಾಗಿ ತೆಲುಗಿನಲ್ಲಿ ‘ಎವರಿಕೀ ಚೆಪ್ಪೊದ್ದು’ ಎಂದರು, ಯಾರಿಗೂ ಹೇಳಬೇಡ ಎಂದು. ಎಪ್ಪತ್ತು ಕಿಲೋಮೀಟರ್ ದೂರದ ಡಾಕ್ಟರು ಹತ್ತಿರ ಬಂದಿದ್ದರು, ಅದರ ಜೊತೆಗೆ ನೋಡುವವರೂ ಹತ್ತಿರವಾಗಿದ್ದರು. ಬೆಂಗಳೂರಿನಲ್ಲಾದರೆ ಗುರುತಿನವರು ಸಿಗುವುದಿಲ್ಲ.

ಈ ಕಾರ್ಯಕ್ರಮಗಳನ್ನೆಲ್ಲ ಮೊದಲು ಕಟ್ಟಿದ್ದು ಮಾತ್ರೆ ಬೇಕಾದ ಕಾಯಿಲೆಗಳಿಗೆ. ಫಲಿತಾಂಶಕ್ಕೆ ಹೆದರಿ ಮೂರು ದಿನ ಅನ್ನ ಬಿಟ್ಟ ಹುಡುಗ ಆ ಲೆಕ್ಕದೊಳಗೆ ಇರಲಿಲ್ಲ. ಅವನ ನೆನಪು ಬೇರೆ ಬೇರೆ ಇಲಾಖೆಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಂತು. ಆರೋಗ್ಯ ಇಲಾಖೆ ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಮಾಡಿತು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ‘ಯುವ ಸ್ಪಂದನ’ ತಂದು, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ‘ಯುವ ಪರಿವರ್ತಕ’ರನ್ನಾಗಿ ಮಾಡಿತು. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ವಿದ್ಯಾರ್ಥಿಗಳ ಮನಸ್ಸಿನ ನೆರವಿಗೆಂದು ಕೇಂದ್ರ ಶಿಕ್ಷಣ ಸಚಿವಾಲಯದ ‘ಮನೋದರ್ಪಣ’ ಬಂತು. ಒಳ್ಳೆಯ ಕೆಲಸಗಳೇ. ಆದರೆ ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಫ್ಲೆಕ್ಸು, ಒಂದು ನಂಬರು. ಮನೆಯಲ್ಲಿ ಮಗು ಬಾಗಿಲು ಹಾಕಿಕೊಂಡ ಹೊತ್ತಿಗೆ ಇದರಲ್ಲಿ ಯಾವುದು ತಾನೇ ನೆನಪಾಗುತ್ತದೆ?

ನನ್ನ ಕೇಳಿದರೆ, ಮಕ್ಕಳ ಎದೆಯ ಭಾರ ಇಳಿಸಿದ್ದರಲ್ಲಿ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಂದು ತೀರ್ಮಾನಕ್ಕೂ ಪಾಲಿದೆ. 2023-24ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದರ ಬದಲು ಮೂರು ಪರೀಕ್ಷೆ ಬಂದವು. ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ‘ಎರಡರಲ್ಲಿ ಬರೀತೀನಿ ಬಿಡಮ್ಮ’ ಎನ್ನಲು ಹುಡುಗರಿಗೆ ಒಂದು ಮಾತು ಸಿಕ್ಕಿತು.

ಕಾನೂನೂ ಬದಲಾಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. ಆರೈಕೆ ಕೊಡುವುದನ್ನು ಸರ್ಕಾರದ ಕರ್ತವ್ಯ ಮಾಡಿತು. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಅಥವಾ ಅವರ ಕೆಲಸಕ್ಕೆ ಅಡ್ಡಿಮಾಡಲೆಂದು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅಪರಾಧ. ಹೊಟ್ಟೆನೋವಿನ ನೆಪ ಕಾನೂನಿಗಾಗಿ ಬೇಕಿಲ್ಲ ಎಂಬುದು ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕೆಂದಿತು. ನಿಮ್ಮ ಮಗುವಿನ ಕಾಲೇಜಿನಲ್ಲಿ ಅವರು ಯಾರು ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಬಹುದು.

ನಂಬರುಗಳ ಈ ಸಂತೆಯಲ್ಲಿ ಒಂದನ್ನೇ ಗೋಡೆಯ ಮೇಲೆ ಬರೆದಿಡಿ ಎಂದರೆ ನಾನು 14416 ಎನ್ನುತ್ತೇನೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ ಅದು. ಕಾಸಿಲ್ಲ, ಹಗಲು ರಾತ್ರಿ ಇರುತ್ತದೆ. ಮೊದಲು ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ಕೊಡುತ್ತಾರೆ, ನೇರವಾಗಿ ತೋರಿಸಬೇಕಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ಹೇಳುತ್ತಾರೆ. ಕನ್ನಡವಷ್ಟೇ ಅಲ್ಲ, ತೆಲುಗು, ತಮಿಳು, ಉರ್ದುವಿನಲ್ಲೂ ಮಾತಾಡಬಹುದು. ಅಂಗಡಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು ಆಡುವ ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ, ಅಳುವುದು ಮನೆಮಾತಿನಲ್ಲೇ. ಪ್ರಾಣಾಪಾಯ ಎದುರಿಗೇ ಇದ್ದರೆ ಮಾತ್ರ ಮೊದಲು 112 ಅಥವಾ 108. ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಮಂಗಳವಾರ ಹುಡುಗ ಒಳಗೆ ಹೋದಾಗ ಅವನ ತಾಯಿಗೆ ಈ ನಂಬರು ಹೇಳಿದೆ. ಮಡಚಿದ ಚೀಟಿ ಬಿಡಿಸಿ ಹಿಂದೆ ಬರೆಸಿಕೊಂಡರು. ಮನೆಯವರೂ ಮಾಡಬಹುದಾ ಎಂದರು, ಮಾಡಬಹುದು ಎಂದೆ. ‘ಅವ್ನು ಎದ್ದಿದ್ರೆ ಆಗಲ್ಲ. ಬೆಳಗಿನ ಜಾವ ಐದಕ್ಕೆ ಡೇರಿಗೆ ಹೋಗ್ತೀನಿ, ದಾರೀಲಿ ಮಾಡ್ತೀನಿ’ ಎಂದವರು, ಅಷ್ಟು ಹೊತ್ತಿಗೆ ಯಾರಾದರೂ ಎತ್ತುತ್ತಾರಾ ಎಂದು ಎರಡು ಸಲ ಕೇಳಿದರು.