ರೌಟರಿನ ಬಾಗಿಲು ಒಳಗಿನಿಂದಲೇ ತೆರೆಯುತ್ತದೆ

ಇಂಟರ್‌ನೆಟ್‌ಗೆ ತಡೆ ಇರುವ ದೇಶದವರಿಗೆ ನಮ್ಮ ಕಂಪ್ಯೂಟರ್ ಮೂಲಕ ದಾರಿ ಕೊಡುವ ಸ್ನೋಫ್ಲೇಕ್ ಪ್ರಾಕ್ಸಿಯನ್ನು ಮನೆಯಲ್ಲಿ ಹಾಕಿ ಅಂದರೆ ಸಾಕು, ವಿಜಯಪುರದ ಹುಡುಗರು ಕೇಳುವುದು ಒಂದೇ: 'ಸರ್ರ, ಫೈರ್‌ವಾಲ್ ಆಫ್ ಮಾಡಬೇಕೇನ್ರಿ? ಡಿಎಂಝಡ್ ಆನ್ ಮಾಡಬೇಕೇನ್ರಿ?' ಎರಡೂ ಬೇಡ. ಡಿಎಂಝಡ್ ಅಂದರೆ ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಕಂಪ್ಯೂಟರಿಗೆ ಕಳಿಸುವ ರೌಟರಿನ ಸೆಟ್ಟಿಂಗ್, ಅದಕ್ಕೆ ಸೇರಿಸಿದರೆ ನಿಮ್ಮ ಕಂಪ್ಯೂಟರ್ ಇಂಟರ್‌ನೆಟ್‌ನ ಎದುರು ಬಯಲಲ್ಲಿ ನಿಂತ ಹಾಗೆ. ಯಾವುದೋ ವಿಡಿಯೋ ನೋಡಿ ಹೀಗೆ ಮಾಡುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಸ್ನೋಫ್ಲೇಕ್ ಟಾರ್ ಜಾಲಕ್ಕೆ ಸೇರಿದ್ದು. ಟಾರ್ ಅಂದರೆ ಸಂಪರ್ಕವನ್ನು ಹಲವು ಕಂಪ್ಯೂಟರ್ ಹಾಯಿಸಿ ಬಳಸುವವರ ಗುರುತು ಮರೆಸುವ ಜಾಲ. ರಷ್ಯಾ 2021ರ ಡಿಸೆಂಬರ್‌ನಲ್ಲಿ ಟಾರ್ ತಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಮಹ್ಸಾ ಅಮೀನಿ ಸಾವಿನ ನಂತರ ಇರಾನಿನಲ್ಲಿ ಪ್ರತಿಭಟನೆ ಎದ್ದಾಗ ಸ್ನೋಫ್ಲೇಕ್ ಬಳಸುವವರು ಒಮ್ಮೆಲೇ ಜಾಸ್ತಿಯಾದರು. ಅಲ್ಲಿನವರು ನಮ್ಮಂಥವರ ಮನೆಯ ಕಂಪ್ಯೂಟರ್ ಹಾದು ಟಾರ್ ಒಳಗೆ ಹೋಗುತ್ತಾರೆ. ಅವರು ಏನು ನೋಡುತ್ತಾರೆ ಅನ್ನುವುದು ನಮಗೆ ಕಾಣುವುದಿಲ್ಲ, ಎಲ್ಲವೂ ಗೂಢಲಿಪಿಯಲ್ಲಿರುತ್ತದೆ. ಅವರು ನೋಡುವ ವೆಬ್‌ಸೈಟಿಗೂ ನಮ್ಮ ಐಪಿ, ಅಂದರೆ ಇಂಟರ್‌ನೆಟ್‌ನಲ್ಲಿನ ವಿಳಾಸ, ಕಾಣುವುದಿಲ್ಲ. ಟಾರ್‌ನ ಕೊನೆಯ ಕಂಪ್ಯೂಟರಿನ ಐಪಿ ಕಾಣುತ್ತದೆ. ಪೊಲೀಸರು ಮನೆಗೆ ಬರುತ್ತಾರೆ ಅನ್ನುವ ಹೆದರಿಕೆ ಹುಟ್ಟಿದ್ದು ಈ ವ್ಯತ್ಯಾಸ ತಿಳಿಯದೆ.

ಸರಿ, ಟೆಹರಾನಿನ ಫೋನು ನಮ್ಮ ರೌಟರಿನ ಹಿಂದಿರುವ ಕಂಪ್ಯೂಟರನ್ನು ಮುಟ್ಟುವುದು ಹೇಗೆ? ಹಳೆಯ ಐಪಿ ವಿಳಾಸ 32 ಬಿಟ್‌ನದು, ಒಟ್ಟು ಸುಮಾರು 429 ಕೋಟಿ ಅಷ್ಟೇ. ಸಾಲುವುದಿಲ್ಲ ಅಂತ ಮೊದಲೇ ಗೊತ್ತಿತ್ತು, 1994ರಲ್ಲೇ ನ್ಯಾಟ್ ಅನ್ನುವ ಉಪಾಯದ ವಿವರ ಹೊರಬಂದಿತ್ತು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಖಾಲಿಯೇ ಆಯಿತು. ಈಗ ಇಡೀ ಮನೆಗೆ ಹೊರಗಿನ ವಿಳಾಸ ಒಂದೇ, ಒಳಗೆ ಎಲ್ಲರಿಗೂ ಸಾಮಾನ್ಯವಾಗಿ 192.168 ಅಂತ ಶುರುವಾಗುವ ಖಾಸಗಿ ವಿಳಾಸ.

ನ್ಯಾಟ್ ಅಂದರೆ ನಮ್ಮ ಹಳ್ಳಿಗಳ ಅಗಸಿ ಕಾಯುವವನ ಹಾಗೆ. ಒಳಗಿನವರು ಹೊರಗೆ ಹೋಗುವಾಗ ಬರೆದುಕೊಳ್ಳುತ್ತಾನೆ. ಅವರನ್ನು ಹುಡುಕಿಕೊಂಡು ಬಂದ ಉತ್ತರವನ್ನು ಒಳಗೆ ಬಿಡುತ್ತಾನೆ, ಗುರುತಿಲ್ಲದವರನ್ನು ಅಲ್ಲೇ ನಿಲ್ಲಿಸುತ್ತಾನೆ. ಸ್ನೋಫ್ಲೇಕ್ ಈ ಬರವಣಿಗೆಯನ್ನೇ ಬಳಸಿಕೊಳ್ಳುತ್ತದೆ. ಮೊದಲು ಸ್ಟನ್ ಸರ್ವರ್ ಒಂದನ್ನು ಕೇಳಿ ತನ್ನ ಹೊರಗಿನ ವಿಳಾಸವನ್ನೂ ಪೋರ್ಟನ್ನೂ, ಅಂದರೆ ಈ ಸಂಪರ್ಕಕ್ಕೆ ಅಗಸಿಯಲ್ಲಿ ಕೊಟ್ಟ ಸಂಖ್ಯೆಯನ್ನೂ, ತಿಳಿದುಕೊಳ್ಳುತ್ತದೆ. ನಡುವಿನ ಬ್ರೋಕರ್ ಮೂಲಕ ಎರಡೂ ಕಡೆಯವರು ಅದನ್ನು ಹಂಚಿಕೊಳ್ಳುತ್ತಾರೆ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಪ್ಯಾಕೆಟ್, ಅಂದರೆ ಮಾಹಿತಿಯ ಸಣ್ಣ ಪೊಟ್ಟಣ, ಎಸೆಯುತ್ತಾರೆ. ಮೊದಲನೆಯದು ಎದುರಿನ ಅಗಸಿಯಲ್ಲಿ ಬಿದ್ದುಹೋಗಬಹುದು, ಹೋಗಲಿ. ಅದು ಹೊರಟಿದ್ದಕ್ಕೇ ನಮ್ಮ ಅಗಸಿಯಲ್ಲಿ ದಾಖಲೆ ಆಯಿತಲ್ಲ! ಎದುರಿನಿಂದ ಬಂದದ್ದನ್ನು ಈಗ ಉತ್ತರ ಅಂತ ಒಳಗೆ ಬಿಡುತ್ತಾನೆ. ಯಾವ ಪೋರ್ಟನ್ನೂ ನಾವು ಕೈಯಿಂದ ತೆರೆಯಲಿಲ್ಲ. ಎಷ್ಟು ಚೆಂದದ ಯೋಚನೆ!

ಕೆಲವು ನ್ಯಾಟ್‌ಗಳು ಮಾತ್ರ ಕಟ್ಟುನಿಟ್ಟು. ಸ್ಟನ್‌ಗೆ ಹೋಗುವಾಗ 40200 ಪೋರ್ಟ್ ಕೊಟ್ಟರೆ, ಟೆಹರಾನಿಗೆ ಹೋಗುವಾಗ 51877 ಕೊಡುತ್ತವೆ. ಬ್ರೋಕರ್‌ಗೆ ಹೇಳಿದ ಪೋರ್ಟ್ ಸುಳ್ಳಾಗುತ್ತದೆ. ಆಗ ಸ್ನೋಫ್ಲೇಕ್ 'ರಿಸ್ಟ್ರಿಕ್ಟೆಡ್' ಅನ್ನುತ್ತದೆ. ಆದರೂ ನಿಮ್ಮ ಪ್ರಾಕ್ಸಿ ವ್ಯರ್ಥವಲ್ಲ, ಎದುರಿನ ನ್ಯಾಟ್ ಸಡಿಲ ಇದ್ದವರಿಗೆ ಅದು ಸಾಕು.

ಎಲ್ಲ ಕಡೆಯವರಿಗೂ ನೆರವಾಗಬೇಕೇ? ಹಾಗಿದ್ದರೆ 192.168.1.1 ಪುಟಕ್ಕೋ, ನಿಮ್ಮ ರೌಟರಿನ ಪುಟ ಬೇರೆ ಇದ್ದರೆ ಅಲ್ಲಿಗೋ ಹೋಗಿ ವ್ಯಾನ್ ಐಪಿ, ಅಂದರೆ ರೌಟರಿನ ಹೊರಗಿನ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ, ಇಲ್ಲವೇ 10ರಿಂದ ಶುರುವಾದರೆ, ನಿಮ್ಮ ರೌಟರಿನ ಆಚೆ ಇಂಟರ್‌ನೆಟ್ ಕಂಪನಿಯದ್ದೂ ಒಂದು ನ್ಯಾಟ್ ಇದೆ. ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಒಂದು ಪೋರ್ಟಿಗೆ ಬಂದದ್ದನ್ನು ಒಳಗಿನ ಕಂಪ್ಯೂಟರಿಗೆ ಕಳಿಸುವಂತೆ ರೌಟರಿಗೆ ಹೇಳಿದರೂ) ಉಪಯೋಗವಿಲ್ಲ, ಕಂಪನಿಯವರನ್ನು ಪಬ್ಲಿಕ್ ಐಪಿ ಕೇಳಬೇಕು. ಪಬ್ಲಿಕ್ ಐಪಿ ಇದ್ದೂ ರಿಸ್ಟ್ರಿಕ್ಟೆಡ್ ಬಂದರೆ, ಪ್ರಾಕ್ಸಿ ಬಳಸುವ ಯುಡಿಪಿ (ಪ್ಯಾಕೆಟ್ ಕಳಿಸುವ ಒಂದು ಬಗೆ) ಪೋರ್ಟ್‌ಗಳನ್ನಷ್ಟೇ ಆ ಒಂದು ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿ. ಅದಕ್ಕೆ ಒಳಗಿನ ಐಪಿ ಬದಲಾಗದಂತೆ ಕಾಯ್ದಿರಿಸಿ.

ಬೇಸಿಗೆಯಲ್ಲಿ ನಡುನಡುವೆ ಕರೆಂಟ್ ಹೋಗುತ್ತದೆ ಅಂತ ಹಿಂಜರಿಯಬೇಡಿ. ಒಂದು ಪ್ರಾಕ್ಸಿ ನಿಂತರೆ ಅತ್ತಲಿನ ಸಾಫ್ಟ್‌ವೇರ್ ಇನ್ನೊಂದನ್ನು ಹುಡುಕಿ, ನಿಂತಲ್ಲಿಂದಲೇ ಮುಂದುವರಿಯುತ್ತದೆ.