ಕಪ್ಪು ತ್ರಿಕೋನದೊಳಗೆ ಒಂದು ಬಿಳಿ ಗೆರೆ

ಮಂಡಿ ನೋವು ಅಂತ ಎಕ್ಸ್‌ರೇ ತೆಗೆಸಿದರೆ ಮೂಳೆ ಚೆನ್ನಾಗಿ ಕಾಣುತ್ತದೆ, ಮೆನಿಸ್ಕಸ್ ಮಾತ್ರ ಕಾಣುವುದಿಲ್ಲ. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ, ಒಳಬದಿಗೊಂದು ಹೊರಬದಿಗೊಂದು, ಅರ್ಧಚಂದ್ರದ ಆಕಾರದಲ್ಲಿ ಕೂತಿರುವ ಮೃದ್ವಸ್ಥಿ ಅದು. ಹರಿದಿದೆಯಾ ಅಂತ ನೋಡಲು ಎಂಆರ್‌ಐ ಬೇಕು.

ಎಂಆರ್‌ಐಯಲ್ಲಿ ಚೆನ್ನಾಗಿರುವ ಮೆನಿಸ್ಕಸ್ ಕಪ್ಪಗಿರುತ್ತದೆ. ಕಾಲಜನ್ ನಾರುಗಳು ಒತ್ತೊತ್ತಾಗಿರುವುದರಿಂದ ಅದು ಕೊಡುವ ಸಿಗ್ನಲ್ ತೀರಾ ಕಡಿಮೆ. ಪಕ್ಕದಿಂದ ಪದರ ಪದರವಾಗಿ ತೆಗೆದ ಚಿತ್ರಗಳಲ್ಲಿ ಅದರ ಮುಂದಿನ ತುದಿ, ಹಿಂದಿನ ತುದಿ ಎರಡೂ ಕಪ್ಪು ತ್ರಿಕೋನಗಳಾಗಿ ಕಾಣುತ್ತವೆ. ಅದರೊಳಗೆ ಏನೋ ಬೆಳ್ಳಗಿದೆ ಅಂದ ಮಾತ್ರಕ್ಕೆ ಹರಿದಿದೆ ಅನ್ನುವ ಹಾಗಿಲ್ಲ. ವಯಸ್ಸಾದಂತೆ ಒಳಗೊಳಗೇ ಸವೆದು ಹಾಗಾಗುತ್ತದೆ, ಮಕ್ಕಳಲ್ಲಿ ರಕ್ತನಾಳಗಳಿಂದಲೂ ಹಾಗೆ ಕಾಣುತ್ತದೆ. ಮುಖ್ಯವಾಗಿ ನೋಡಬೇಕಾದ್ದು, ಆ ಬಿಳಿ ಗೆರೆ ಮೆನಿಸ್ಕಸ್‌ನ ಮೇಲ್ಭಾಗದ ಅಥವಾ ಕೆಳಭಾಗದ ಅಂಚನ್ನು ಮುಟ್ಟಿದೆಯಾ ಅಂತ. ಎರಡು ಅಥವಾ ಅದಕ್ಕಿಂತ ಜಾಸ್ತಿ ಚಿತ್ರಗಳಲ್ಲಿ ಮುಟ್ಟಿದ್ದರೆ ರೇಡಿಯಾಲಜಿಸ್ಟ್ ಧೈರ್ಯವಾಗಿ 'ಹರಿದಿದೆ' ಅಂತ ಬರೆಯುತ್ತಾರೆ, ಒಂದರಲ್ಲಿ ಮಾತ್ರ ಇದ್ದರೆ 'ಹರಿದಿರಬಹುದು'.

ಹೊರಬದಿಯ ಮೆನಿಸ್ಕಸ್‌ನ ಹಿಂದಿನ ತುದಿ ಇದೆಯಲ್ಲ, ಅದು ದೊಡ್ಡ ಮೋಸಗಾರ. ಪಕ್ಕದಲ್ಲೇ ಮಂಡಿಯ ಹಿಂಭಾಗದ ಪಾಪ್ಲಿಟಿಯಸ್ ಅನ್ನುವ ಸ್ನಾಯುವಿನ ರಜ್ಜು ಹಾದುಹೋಗುತ್ತದೆ, ಎರಡರ ನಡುವಿನ ಸಂದು ಥೇಟ್ ಹರಿದ ಗೆರೆಯೇ! ಸಾಲದ್ದಕ್ಕೆ, ನಾರುಗಳು ಸ್ಕ್ಯಾನರ್‌ನ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಕೆಲವು ಬಗೆಯ ಚಿತ್ರಗಳಲ್ಲಿ ಏನೂ ಆಗದಿದ್ದರೂ ಸುಮ್ನೆ ಬೆಳ್ಳಗೆ ಕಾಣುತ್ತವೆ.

ಗೆರೆಯ ಜೊತೆ ಆಕಾರವನ್ನೂ ನೋಡಬೇಕು. ಬಕೆಟ್ ಹ್ಯಾಂಡಲ್ ಟೇರ್ ಅನ್ನುವುದರಲ್ಲಿ ಮೆನಿಸ್ಕಸ್ ಉದ್ದಕ್ಕೆ ಸೀಳಿ, ಒಳ ಅಂಚಿನ ತುಂಡು ಕೀಲಿನ ಮಧ್ಯಕ್ಕೆ ಮಗುಚಿ ಬೀಳುತ್ತದೆ. ಒಳಬದಿಯದ್ದು ಹೀಗಾದರೆ, ಹಿಂದಿನ ಕ್ರೂಸಿಯೇಟ್ ಲಿಗಮೆಂಟ್‌ನ (ಮಂಡಿಯೊಳಗೆ ಎರಡೂ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿಗಳಲ್ಲಿ ಒಂದು) ಕೆಳಗೆ ಇನ್ನೊಂದು ಕಪ್ಪು ಪಟ್ಟಿ ಬಂದು ಒಂದೇ ಲಿಗಮೆಂಟ್ ಎರಡಾದ ಹಾಗೆ ಕಾಣುವುದುಂಟು.

ಇಷ್ಟೆಲ್ಲಾ ಸರಿಯಾಗಿ ಗುರುತಿಸಿದರೂ ನೋವಿಗೆ ಅದೇ ಕಾರಣ ಅಂತಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಯ ಎಂಆರ್‌ಐ ನೋಡಿದರು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಮಂಡಿ ಬಿಗಿದುಕೊಂಡಿದ್ದೂ ಇರಲಿಲ್ಲ. 2013ರಲ್ಲಿ ಫಿನ್‌ಲೆಂಡ್‌ನವರು ಇನ್ನೂ ಮುಂದೆ ಹೋದರು. ಸವೆದು ಹರಿದ ಮೆನಿಸ್ಕಸ್ ಇದ್ದ 146 ಜನರಲ್ಲಿ ಕೆಲವರಿಗೆ ಹರಿದ ಭಾಗವನ್ನು ನಿಜವಾಗಿ ಕತ್ತರಿಸಿ ತೆಗೆದರು, ಉಳಿದವರಿಗೆ ಆಪರೇಷನ್ ಮಾಡಿದಂತೆ ನಟಿಸಿದರು ಅಷ್ಟೇ. ವರ್ಷದ ನಂತರ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ವಯಸ್ಸಾದವರ ರಿಪೋರ್ಟ್‌ನಲ್ಲಿ 'ಟೇರ್' ಅಂತ ಕಂಡ ಕೂಡಲೇ ಆಪರೇಷನ್‌ಗೆ ಓಡುವುದು ನನಗಂತೂ ಅವಸರ ಅನ್ನಿಸುತ್ತದೆ. ಆದರೆ ಮಂಡಿ ಲಾಕ್ ಆಗಿ ಕಾಲು ಪೂರ್ತಿ ಚಾಚಲು ಆಗದಿದ್ದರೆ, ಸ್ಕ್ಯಾನ್‌ನಲ್ಲಿ ಮಗುಚಿದ ತುಂಡೂ ಕಂಡರೆ, ಆಗ ತಡ ಮಾಡದೆ ಮೂಳೆ ಡಾಕ್ಟರನ್ನು ನೋಡಬೇಕು.