ಷೆರ್ತ್ ಅಂದರೆ ನಮ್ಮ ಷರತ್ತೇ: ಕಲ್ಮಿಕರು ಮತ್ತು ರಷ್ಯಾ

ಎರಡು ದಿನ ನನ್ನ ತಲೆ ಕೆಡಿಸಿದ್ದು ಒಂದೇ ಪದ, ಷೆರ್ತ್. ಮರೆಯುವ ಮುಂಚೆ ಬರೆದಿಡುತ್ತೇನೆ.

ಹಿನ್ನೆಲೆ ಇಷ್ಟೇ. ಕಲ್ಮಿಕರು ಪಶ್ಚಿಮ ಮಂಗೋಲರು, ಬೌದ್ಧರು, ದನ-ಕುದುರೆ ಮೇಯಿಸುವ ಅಲೆಮಾರಿಗಳು. 1630ರ ಸುಮಾರಿಗೆ ವೋಲ್ಗಾ ನದಿಯ ಕೆಳಭಾಗಕ್ಕೆ ಬಂದರು. 1655ರಿಂದ ರಷ್ಯಾದ ದೊರೆಗೆ, ಅಂದರೆ ತ್ಸಾರನಿಗೆ, ಷೆರ್ತ್ ಕೊಡತೊಡಗಿದರು.

ಇದನ್ನು ಸಾಮಾನ್ಯವಾಗಿ 'ನಿಷ್ಠೆಯ ಪ್ರಮಾಣ' ಅನ್ನುತ್ತಾರೆ. ನಾನೂ ಹಾಗೇ ಉರು ಹೊಡೆದೆ, ಆಮೇಲೆ ಮುಂದಿನದು ಒಂದೂ ಹೊಂದಲಿಲ್ಲ. ಒಮ್ಮೆ ಪ್ರಜೆಗಳಾದವರು 1657, 1661, 1673, 1677, 1683 ಅಂತ ಮತ್ತೆ ಮತ್ತೆ ಯಾಕೆ ಪ್ರಮಾಣ ಮಾಡಬೇಕು? ಸ್ವಂತ ಪ್ರಜೆಗಳ ವ್ಯವಹಾರವನ್ನು ಮಾಸ್ಕೋದ ರಾಯಭಾರ ಇಲಾಖೆ ಯಾಕೆ ನೋಡಬೇಕು?

ಗಂಟು ಬಿಚ್ಚಿದ್ದು ಪದದ ಮೂಲ ಹುಡುಕಿದಾಗ. ಅರಬ್ಬಿಯ 'ಶರ್ತ್' ತುರ್ಕಿ ಭಾಷೆಗಳ ಮೂಲಕ ರಷ್ಯಾಕ್ಕೆ ಹೋಗಿ ಷೆರ್ತ್ ಆಯಿತು. ಅದೇ ಪದ ಬೇರೆ ದಾರಿ ಹಿಡಿದು ಕನ್ನಡಕ್ಕೆ ಬಂದು ಷರತ್ತು ಆಯಿತು! ಷರತ್ತು ಅಂದಮೇಲೆ ಎರಡೂ ಕಡೆಯವರ ಮಾತಿರಬೇಕು ಅಲ್ವಾ? ನಾವು ಕ್ರೈಮಿಯಾದವರ ಮೇಲೆ ಯುದ್ಧಕ್ಕೆ ಬರುತ್ತೇವೆ, ನೀವು ಹುಲ್ಲುಗಾವಲು, ಪೇಟೆ, ಉಡುಗೊರೆ ಕೊಡಿ. ಕಲ್ಮಿಕರ ಲೆಕ್ಕ ಇದು. ರಷ್ಯಾದ ಗುಮಾಸ್ತರು ಮಾತ್ರ ಅದೇ ಕಾಗದದಲ್ಲಿ 'ತ್ಸಾರನ ಪ್ರಜೆಗಳು' ಅಂತ ಬರೆದುಕೊಂಡರು. ಹಣ, ಬಟ್ಟೆ ಕಳಿಸಿದಾಗಲೂ ಇದೇ ಕಥೆ: ಕೊಟ್ಟವರಿಗೆ ಅದು ಸಂಬಳ, ಪಡೆದವರಿಗೆ ತಮಗೆ ಸಲ್ಲಬೇಕಾದ ಬಾಕಿ. ಉಡುಗೊರೆ ನಿಂತರೆ ಷರತ್ತು ಮುರಿಯಿತು, ಹೊಸದು ಬೇಕು. ಅದಕ್ಕೇ ಅಷ್ಟೊಂದು ಇಸವಿಗಳು.

(ಇನ್ನೊಂದು ಎಡವಟ್ಟು: 'ಅಮಾನತ್' ಅಂತ ನೋಡಿ ಯಾರನ್ನೋ ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರೆ ಅಂದುಕೊಂಡೆ. ರಷ್ಯನ್ನಿನಲ್ಲಿ ಅದು ಒತ್ತೆಯಾಳು. ಮೂಲ ಪದ ಒಂದೇ, ನಂಬಿ ಒಪ್ಪಿಸಿದ್ದು.)

ಈಗ ಕಲ್ಮಿಕರ ದೊರೆ ಆಯುಕ ಖಾನನ ಕಥೆ ಅರ್ಥವಾಗುವುದು ಸುಲಭ. 1690ರಲ್ಲಿ ಅವನಿಗೆ ಖಾನ್ ಪದವಿ ಬಂದದ್ದು ತ್ಸಾರನಿಂದಲ್ಲ, ದಲೈ ಲಾಮಾ ಹೆಸರಿನಲ್ಲಿ ಲಾಸಾದಿಂದ. 1714ರಲ್ಲಿ ಚೀನಾದ ರಾಯಭಾರಿಗಳು ಅವನ ಡೇರೆಗೆ ಬಂದರು. 1722ರಲ್ಲಿ ಪರ್ಷಿಯಾ ಯುದ್ಧಕ್ಕೆ ಹೊರಟ ಪೀಟರ್ ದೊರೆಯೇ ಅವನನ್ನು ಕಂಡ. ಸುಮ್ನೆ ಒಬ್ಬ ಪ್ರಜೆಗೆ ಇಷ್ಟೆಲ್ಲ ನಡೆಯುತ್ತದೆಯೇ?

1724ರಲ್ಲಿ ಆಯುಕ ಸತ್ತ ಮೇಲೆ ಖಾನ್ ಯಾರಾಗಬೇಕು ಅನ್ನುವುದರಲ್ಲಿ ರಷ್ಯಾದ ಕೈ ಜಾಸ್ತಿಯಾಯಿತು. ಹುಲ್ಲುಗಾವಲಿಗೆ ವಲಸೆಗಾರರು ನುಗ್ಗಿದರು. 1771ರ ಜನವರಿಯಲ್ಲಿ ಉಬಾಶಿ ಖಾನ್ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಪೂರ್ವಕ್ಕೆ, ಹಳೆಯ ನಾಡಿನ ಕಡೆಗೆ ಹೊರಟುಬಿಟ್ಟ. ಅದೇ ವರ್ಷ ರಾಣಿ ಕ್ಯಾಥರೀನ್ ಖಾನ್ ಪದವಿಯನ್ನೇ ರದ್ದು ಮಾಡಿದಳು. ಆ ಚಳಿಗಾಲ ವೋಲ್ಗಾ ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ. ಪಶ್ಚಿಮ ದಡದವರು ದಾಟಲಾಗದೆ ಅಲ್ಲೇ ಉಳಿದರು. ಇಂದು ರಷ್ಯಾದೊಳಗಿರುವ ಕಲ್ಮಿಕಿಯಾ ಗಣರಾಜ್ಯದ ಕಲ್ಮಿಕರಲ್ಲಿ ಹೆಚ್ಚಿನವರು ಹೀಗೆ ಉಳಿದವರ ವಂಶ.